ಎಡ ಹೆಗಲ ಶಾಲು

ನಮ್ಮ ಅಜ್ಜಾರು ಪ್ರವಚನಕ್ಕೆ ಕೂತರೆ ಮೊದಲು ಅವರ ಶಾಲು ಎಲ್ಲಿದೆ ಎಂದು ನೋಡಬೇಕಿತ್ತು. ಬಲ ಹೆಗಲ ಮೇಲಿದ್ದರೆ ಆಡುತ್ತಿರುವುದು ಅವರ ಮಾತು. ಎಡ ಹೆಗಲಿಗೆ ಹೋದರೆ ಅದು ಅವರದಲ್ಲ, ಅವರ ಜೊತೆ ವಾದಕ್ಕೆ ನಿಂತವನದು. ಹಾಗೆ ವಾದಕ್ಕೆ ನಿಂತವನು ಸಭೆಯಲ್ಲಿ ಯಾರೂ ಇರುತ್ತಿರಲಿಲ್ಲ. ಅವನನ್ನು ಅಜ್ಜಾರೇ ಕರೆತರುತ್ತಿದ್ದರು. ಶಾಲನ್ನು ಎಡಕ್ಕೆ ಎಸೆದು, ದನಿ ಒರಟು ಮಾಡಿಕೊಂಡು, ತಮ್ಮನ್ನೇ ತಾವು ಝಾಡಿಸಿಕೊಳ್ಳುತ್ತಿದ್ದರು. ದೇವರಿಲ್ಲ ಎನ್ನುವವನಾಗಿ, ಬಡವರೆಲ್ಲ ಮೈಗಳ್ಳರು ಎನ್ನುವ ಸಾಹುಕಾರನಾಗಿ, ಸೊಸೆಯನ್ನು ಗೋಳು ಹೊಯ್ದುಕೊಳ್ಳುವ ಅತ್ತೆಯಾಗಿ ಎಷ್ಟು ಜೋರಾಗಿ ಮಾತಾಡುತ್ತಿದ್ದರೆಂದರೆ ಒಮ್ಮೊಮ್ಮೆ ನನಗೆ ಆ ಕಡೆಯವರೇ ಸರಿ ಅನ್ನಿಸಿಬಿಡುತ್ತಿತ್ತು. ಆಮೇಲೆ ಶಾಲು ಬಲಕ್ಕೆ ಬರುತ್ತಿತ್ತು. ಆಗ ಎಲೆ ಅಡಿಕೆ ಜಗಿಯುವವರೂ ಬಾಯಿ ನಿಲ್ಲಿಸಿ ಕೂರುತ್ತಿದ್ದರು. ಉತ್ತರ ಬರುವ ಹೊತ್ತು ಅದು.

ಈ ಪದ್ಧತಿ ಅವರಿಗೆ ಅವರ ಗುರುಗಳಿಂದ ಬಂದದ್ದು. "ಎದುರಿನವನ ಮಾತು ಅವನಕಿಂತ ಛಲೋ ಆಡಾಕ ಬರಬೇಕು. ಅದು ಬರಲಿಲ್ಲಂದ್ರ ಅವಗ ಉತ್ತರ ಹೇಳಾಕ ನಾವ್ಯಾರು?" ಎನ್ನುತ್ತಿದ್ದರು. ನಮ್ಮ ಕಡೆ ಸ್ವಾಮಿಗಳನ್ನು ಅಜ್ಜಾರು ಎನ್ನುವುದು ರೂಢಿ, ವಯಸ್ಸು ಎಷ್ಟೇ ಇರಲಿ. ಇವರು ನಮ್ಮ ಊರಿನ ಮಠಕ್ಕೆ ಬಂದಾಗ ಇನ್ನೂ ಕರಿ ಗಡ್ಡದವರಂತೆ. ನನಗೆ ನೆನಪಿರುವುದು ಬಿಳಿ ಗಡ್ಡವೇ.

ನಮ್ಮ ಊರು ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿತ್ತು. ಇತ್ತು ಎಂದೇ ಹೇಳಬೇಕು. ಈಗ ಅದು ಆಲಮಟ್ಟಿಯ ಹಿನ್ನೀರಿನ ತಳದಲ್ಲಿದೆ. ಶಾಲೆಗೆ ಹೋಗುವ ಮೊದಲು ನಾವು ಮಕ್ಕಳು ಮಠದ ಕಟ್ಟೆಗೆ ಹೋಗಿ ಹಣೆ ಒಡ್ಡಬೇಕಿತ್ತು. ಅಜ್ಜಾರು ಬಲಗೈಯ ತೋರುಬೆರಳಿಂದ ವಿಭೂತಿ ಹಚ್ಚುತ್ತಿದ್ದರು. ಆ ಬೆರಳು ಅರ್ಧವೇ ಇತ್ತು. ಸ್ವಾಮಿಯಾಗುವ ಮೊದಲು ಕಬ್ಬಿನ ಗಾಣಕ್ಕೆ ಸಿಕ್ಕು ಉಳಿದರ್ಧ ಹೋಗಿತ್ತು. ಆ ಮೊಂಡು ಬೆರಳಿನ ತುದಿ ಬಲು ಮೆತ್ತಗೆ. ಅದರಿಂದ ಹಚ್ಚಿಸಿಕೊಂಡರೆ ಲೆಕ್ಕ ತಪ್ಪುವುದಿಲ್ಲ ಎಂದು ಹುಡುಗಿಯರ ನಂಬಿಕೆ. ನನ್ನ ಲೆಕ್ಕ ಮಾತ್ರ ದಿನವೂ ತಪ್ಪುತ್ತಿತ್ತು.

ನೀರು ಬರುವುದು ಖಾತ್ರಿಯಾದಾಗ ಊರು ಮೇಲಿನ ಗುಡ್ಡದ ಬಯಲಿಗೆ ಎದ್ದುಹೋಯಿತು. ಸರಕಾರದ ಬಾಯಲ್ಲಿ ಅದು ಪುನರ್ವಸತಿ ಕೇಂದ್ರ, ಸುತ್ತಲಿನವರ ಬಾಯಲ್ಲಿ ನಾವು ಮುಳುಗಡೆ ಮಂದಿ. ಮಠಕ್ಕೂ ಅಲ್ಲೊಂದು ಜಾಗ ಕೊಟ್ಟಿದ್ದರು. ಅಣ್ಣತಮ್ಮಂದಿರ ಜಗಳದಲ್ಲಿ ಜಾಗ ಸಿಗದೆ ಬಯಲಿಗೆ ಬಿದ್ದಿದ್ದ ಒಂದು ಮನೆಯವರಿಗೆ ಅಜ್ಜಾರು ಅದನ್ನು ಬಿಟ್ಟುಕೊಟ್ಟರು. ತಾವು ಬನಹಟ್ಟಿಯ ನೇಕಾರರ ಓಣಿಯಲ್ಲಿದ್ದ ಸಣ್ಣ ಶಾಖಾ ಮಠಕ್ಕೆ ಬಂದು ಕೂತರು. ಆ ಹೊತ್ತಿಗೆ ನಾನು ಬನಹಟ್ಟಿಗೇ ಸೊಸೆಯಾಗಿ ಬಂದಿದ್ದೆ. ತವರಿನಿಂದ ನಾನು ತಂದ ಸಾಮಾನುಗಳಲ್ಲಿ ಕಡೆಯದಾಗಿ ಬಂದವರು ಅಜ್ಜಾರು ಎಂದು ನನ್ನ ಗಂಡ ಕಾಡಿಸುತ್ತಿದ್ದರು.

ಬನಹಟ್ಟಿಯಲ್ಲಿ ಅಜ್ಜಾರಿಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಪ್ರಸಾದಕ್ಕೆ ರೊಟ್ಟಿ ಓಣಿಯ ಮನೆಮನೆಯಿಂದ ಬರುತ್ತಿತ್ತು. ಪವರ್‌ಲೂಮ್‌ಗಳ ಗದ್ದಲದ ನಡುವೆಯೇ ಪೂಜೆ, ಗದ್ದಲದ ನಡುವೆಯೇ ನಿದ್ದೆ. ಆದರೆ ಅವರ ಜೀವ ಆ ಗುಡ್ಡದ ಬಯಲಿನಲ್ಲಿತ್ತು. ಬೇಸಿಗೆಯ ಕೊನೆಗೆ ಹಿನ್ನೀರು ಇಳಿದಾಗ ಹಳೇ ಊರಿನ ಒಂದಿಷ್ಟು ಭಾಗ ಮೇಲೆ ಬರುತ್ತಿತ್ತು: ಬಸವಣ್ಣನ ಗುಡಿಯ ಕಟ್ಟೆ, ಅದರ ಹಿಂದೆ ಅಜ್ಜಾರ ಗುರುಗಳ ಸಮಾಧಿಯ ಗದ್ದುಗೆ. ಪ್ರತಿ ವರ್ಷ ಅಜ್ಜಾರು ಹೋಗುತ್ತಿದ್ದರು, ಊರವರೆಲ್ಲ ಬರುತ್ತಿದ್ದರು. ಗದ್ದುಗೆಯ ಮೇಲಿನ ರಾಡಿ ತೊಳೆದು, ಪೂಜೆ ಮಾಡಿ, ಅಲ್ಲೇ ಬಿರುಕುಬಿಟ್ಟ ನೆಲದ ಮೇಲೆ ಕೂತು ಗೋದಿ ಬೆಲ್ಲದ ಮಾದಲಿ ಉಣ್ಣುತ್ತಿದ್ದೆವು. ಮಳೆ ಹಿಡಿದರೆ ಎಲ್ಲವೂ ಮತ್ತೆ ಒಳಗೆ.

ಅಜ್ಜಾರಿಗೆ ಉಳಿದಿದ್ದ ಆಸೆ ಒಂದೇ. ಗುರುಗಳ ಪಕ್ಕದಲ್ಲಿ ಮಲಗುವ ಹಾಗಿಲ್ಲ, ಅದು ನೀರಿನ ಪಾಲು. ಹೊಸ ಊರಿನ ಬಸವಣ್ಣನ ಗುಡಿಯ ಬದಿಗೆ, ತಮ್ಮ ಮಂದಿಯ ಕೈಯಿಂದ ತಮ್ಮ ಮಣ್ಣಾಗಬೇಕು. "ನೀರು ನಮ್ಮನ್ನ ಬ್ಯಾರೆಬ್ಯಾರೆ ಮಾಡ್ತು. ಮಣ್ಣರ ಒಂದು ಮಾಡಲಿ" ಎನ್ನುತ್ತಿದ್ದರು. ಊರು ಒಪ್ಪಿತ್ತು. ನನ್ನ ಅಣ್ಣ ಗುಡಿಯ ಕಮಿಟಿಯ ಹಿರಿಯ. ಮುಂದೆ ಬಂದು ಮಾತು ಕೊಟ್ಟವನೇ ಅವನು. ಅಜ್ಜಾರ ಕಾಲು ಬಾವು ಹೆಚ್ಚಾಗಿ, ಡಾಕ್ಟರು ನನ್ನನ್ನು ಹೊರಗೆ ಕರೆದು ಮೆಲ್ಲಗೆ ಮಾತಾಡಿದ ವರ್ಷ, ಬೇಸಿಗೆಯ ಪೂಜೆ ಮುಗಿದ ಮೇಲೆ ಜಾಗ ಗುರುತು ಮಾಡಿ ಕಲ್ಲು ನೆಡುವುದೆಂದು ಮಾತಾಗಿತ್ತು.

ಅದು ಎಲ್ಲರ ಕೈಗೂ ದೊಡ್ಡ ಗಾಜಿನ ಫೋನು ಬಂದಿದ್ದ ಕಾಲ. ಹಿಂದಿನ ಶ್ರಾವಣದಲ್ಲಿ ಅಜ್ಜಾರು ಮುಳುಗಡೆಯ ಮೇಲೆ ಒಂದು ದಿನ ಪ್ರವಚನ ಹೇಳಿದ್ದರು. ಅತ್ತೆಗೆ ಜ್ವರ ಬಂದು ನಾನು ಅವತ್ತು ಹೋಗಿರಲಿಲ್ಲ. ಹೋಗಿ ಬಂದ ನನ್ನ ಗಂಡ ಊಟಕ್ಕೆ ಕೂತವರು ರೊಟ್ಟಿ ಮುರಿಯದೆ ತಾಟು ಹಿಂದಕ್ಕೆ ಸರಿಸಿದರು. ಏನು ಎಂದರೆ, "ಇವತ್ತ ಅಜ್ಜಾರು ಅಳಿಸಿಬಿಟ್ರು" ಅಂದರು. ಅಷ್ಟಕ್ಕೇ ನಾನೂ ಬಿಟ್ಟೆ.

ತಿಂಗಳುಗಳು ಕಳೆದು, ಚೈತ್ರದ ಬಿಸಿಲು ಏರಿದ್ದಾಗ, ಜಮಖಂಡಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಆ ದನಿ ಕೇಳಿತು. ನಾನು ಜಮಖಂಡಿಯ ಒಂದು ಕಚೇರಿಯಲ್ಲಿ ಟೈಪಿಸ್ಟ್; ದಿನವೂ ಅದೇ ಬಸ್ಸು, ಅದೇ ಮುಖಗಳು. ಹುನ್ನೂರು ಹತ್ತಿರ ಬಂದಿತ್ತು. ಹಿಂದಿನ ಸೀಟಿನವನು ಫೋನಿನ ದನಿ ಪೂರ್ತಿ ಬಿಟ್ಟುಕೊಂಡು ಕೇಳುತ್ತಿದ್ದ.

"ಮುಳುಗಡಿ ಮಂದಿ ಅಳೂದು ಸಾಕು! ಏನು ಹೋತು ನಿಮ್ದು? ನಾಕು ಮಣ್ಣಿನ ಗ್ವಾಡಿ ಹೋದು. ದೇವರು ಮುಳುಗಿದ ಅಂತೀರಿ. ನೀರಾಗ ಮುಳುಗಾಂವ ಎಂಥಾ ದೇವರ್ರೋ?"

ದನಿ ಅಜ್ಜಾರದು. ನಾನು ತಿರುಗಿ ಕೂತು ಆ ಮನುಷ್ಯನ ಕೈಯಿಂದ ಫೋನನ್ನು ಹೆಚ್ಚೂಕಡಿಮೆ ಕಿತ್ತುಕೊಂಡೆ. ಮೊದಲು ನೋಡಿದ್ದು ಶಾಲು. ಅದು ಬಲ ಹೆಗಲ ಮೇಲಿತ್ತು. ಮತ್ತೊಮ್ಮೆ ಹಚ್ಚಿ ನೋಡಿದೆ. ಬಲ ಹೆಗಲೇ. ಹಾಗಾದರೆ ಇದು ಅವರದೇ ಮಾತು. ಕೆಳಗೆ ಯಾರೋ ದಪ್ಪ ಕೆಂಪಕ್ಷರದಲ್ಲಿ ಬರೆದಿದ್ದರು: ಮುಳುಗಡೆ ಸಂತ್ರಸ್ತರಿಗೆ ಸ್ವಾಮಿಯ ಅವಮಾನ, ನಮ್ಮ ಬಸವಣ್ಣ ದೇವರೇ ಅಲ್ಲವಂತೆ, ಎಲ್ಲರಿಗೂ ಕಳಿಸಿ.

"ನಿಮ್ಮ ಸ್ವಾಮಿಗೋಳ ಏನ್ರಿ ಅಕ್ಕಾರ?" ಎಂದು ಆ ಮನುಷ್ಯ ಕೇಳಿದ. ನಾನು ವಿಡಿಯೋವನ್ನು ನನ್ನ ಫೋನಿಗೆ ಕಳಿಸಿಕೊಂಡು ಅವನದನ್ನು ತಿರುಗಿ ಕೊಟ್ಟೆ.

ಸಂಜೆ ಬನಹಟ್ಟಿಗೆ ಮರಳುವಷ್ಟರಲ್ಲಿ ಅದು ನನಗಿಂತ ಮೊದಲೇ ಬಂದಿತ್ತು. ನಾನು ಓಣಿಗೆ ಕಾಲಿಟ್ಟಾಗ ಕರೆಂಟು ಹೋಯಿತು. ಬನಹಟ್ಟಿಯಲ್ಲಿ ಕರೆಂಟು ಹೋದರೆ ಮಗ್ಗಗಳೆಲ್ಲ ಒಮ್ಮೆಗೇ ನಿಲ್ಲುತ್ತವೆ, ಕಿವಿಗೆ ಗವ್ವೆನ್ನುವ ಮೌನ ಬಡಿಯುತ್ತದೆ. ಆ ಮೌನದಲ್ಲಿ ಚಹದಂಗಡಿಯಿಂದ, ನೂಲಿನ ಅಂಗಡಿಯಿಂದ, ಕಟ್ಟೆಯ ಮೇಲಿನ ಗುಂಪಿನಿಂದ, ಒಂದರ ಹಿಂದೆ ಒಂದು ಅಜ್ಜಾರ ದನಿಯೇ ಬರುತ್ತಿತ್ತು. ಎಲ್ಲ ಕಡೆಯೂ "ಎಂಥಾ ದೇವರ್ರೋ" ಎನ್ನುವಲ್ಲಿಗೆ ನಿಲ್ಲುತ್ತಿತ್ತು. ನಿಂತು ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ಆ ಓಣಿಯಲ್ಲಿ ಅಷ್ಟು ವರ್ಷ ಓಡಾಡಿದವಳು ನಾನು, ಅವತ್ತು ಮೊದಲ ಸಲ ಅಂಜಿಕೆಯಾಯಿತು.

ಮನೆಗೆ ಬಂದು ಗಂಡನನ್ನು ಕೇಳಿದೆ. "ನೀವಿದ್ದಿರಲ್ಲ ಅವತ್ತು. ಶಾಲು ಎಲ್ಲಿತ್ತು?"

"ಎಡಕ್ಕಿತ್ತು" ಅಂದರು. ನಾನು ವಿಡಿಯೋ ತೋರಿಸಿದೆ. ಬಹಳ ಹೊತ್ತು ನೋಡಿದರು. "ಎಡಕ್ಕಿತ್ತು ಅನಸ್ತೈತಿ. ಇದರಾಗ ಬಲಕ್ಕೈತಿ. ನನಗs ನೆನಪಿಲ್ಲೇನು ಹಂಗಾರ?"

ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಆ ದಿನ ಅದು ಎಲ್ಲ ಕಡೆಯೂ ಇತ್ತು. ಕೂತು, ಕೇಳಿ, ಕಣ್ಣೀರು ಹಾಕಿ ಬಂದ ಮನುಷ್ಯ ತನ್ನ ಕಣ್ಣು ಕಿವಿ ಬಿಟ್ಟು ಯಾರದೋ ಫೋನನ್ನು ನಂಬುವುದೆಂದರೇನು? ಪ್ರವಚನಕ್ಕೆ ಹೋದ ಓಣಿಯ ಹೆಂಗಸರನ್ನೂ ಕೇಳಿದೆ. ಒಬ್ಬಾಕೆ "ಅಂದಿರಾಕಿಲ್ಲ ಬಿಡ್ರಿ" ಅಂದಳು. ಇನ್ನೊಬ್ಬಾಕೆ "ಶಾಲು ಬಲಕ್ಕೈತೆಲ್ಲವ್ವ, ಅಂದಿದ್ರೂ ಅಂದಿರಬೌದು" ಅಂದಳು. ಅಪರಿಚಿತರಾದರೆ ಶಾಲು ನೋಡುತ್ತಲೇ ಇರಲಿಲ್ಲ. ಅಜ್ಜಾರನ್ನು ಬಲ್ಲವರು, ಬಲ್ಲೆವೆಂಬ ಕಾರಣಕ್ಕೇ, ಶಾಲು ನೋಡಿ ಕೆಟ್ಟರು.

ಮಠಕ್ಕೆ ಹೋದೆ. ಅಜ್ಜಾರು ಬಾವು ಬಂದ ಕಾಲನ್ನು ಮಣೆಯ ಮೇಲಿಟ್ಟುಕೊಂಡು ಕೂತಿದ್ದರು. ಯಾರೋ ಆಗಲೇ ತೋರಿಸಿದ್ದರು.

"ಅಜ್ಜಾರ, ಇದು ನೀವು ಅಂದದ್ದೇನ್ರಿ?"

"ಅಂದದ್ದು ಖರೆ ಐತಿ. ನನ್ನ ಮಾತಲ್ಲ."

"ಶಾಲು ಬಲಕ್ಕೈತಿ."

ಅವರು ತಮ್ಮ ಹೆಗಲನ್ನೊಮ್ಮೆ ನೋಡಿಕೊಂಡರು. "ಅದs ನನಗೂ ತಿಳೀವಲ್ದು ಮಗಳ" ಅಂದರು. ಆಮೇಲೆ ನಾನು ಕೇಳದೆಯೇ ಅವತ್ತು ಶಾಲು ಬಲಕ್ಕೆ ಬಂದ ಮೇಲೆ ಏನು ಹೇಳಿದ್ದರೋ ಅದನ್ನು ಹೇಳಿದರು. "ನೀರಾವರಿ ಮಾಡಿ ಉಣ್ಣಾಂವನ, ಕೇಳು. ಅವರು ಹೊಳಿಗೆ ಊರು ಕೊಟ್ರು, ನಿನ್ನ ಹೊಲಕ್ಕ ಕಾಲುವಿ ಬಂತು. ನಿನ್ನ ತಾಟಿನ್ಯಾಗಿನ ತುತ್ತು ಅವರ ಹೊಸ್ತಿಲ ಮ್ಯಾಲಿಂದ ಹರದು ಬಂದೈತಿ. ದೇವರು ಮುಳುಗಲಿಲ್ಲೋ. ಮಕ್ಕಳು ಎದ್ದು ಹೋದ ಮನಿ ಕಾಯಾಕ ಒಬ್ಬರು ಬೇಕಲ್ಲ, ಅದಕ್ಕ ಅವ ಅಲ್ಲೇ ಉಳದಾನ."

ನಾನು ಅತ್ತೆ. ಅಜ್ಜಾರು ಅಳಲಿಲ್ಲ. "ಊರಿನವರು ಏನಂತಾರ?" ಎಂದು ಅದೊಂದನ್ನೇ ಕೇಳಿದರು. ಅವರು ಹೆದರಿದ್ದು ಅದಕ್ಕೆ.

ಊರಿನವರು ಅನ್ನುವುದನ್ನೆಲ್ಲ ಅಂದಾಗಿತ್ತು. ನನ್ನ ಅಣ್ಣನ ದನಿಯಲ್ಲಿ ಒಂದು ಸಂದೇಶ ಮುಧೋಳ, ಬೀಳಗಿಯ ಮುಳುಗಡೆ ಊರುಗಳಲ್ಲೆಲ್ಲ ಸುತ್ತುತ್ತಿತ್ತು. "ಉಂಡ ಮನಿಗೆ ಬೈದ ಸ್ವಾಮಿ ಇನ್ನ ನಮ್ಮ ಊರಾಗ ಕಾಲಿಡೂದು ಬ್ಯಾಡ" ಎಂದು ಅವನು ಹೇಳಿದ್ದ. ಅಣ್ಣನಿಗೂ ಅಜ್ಜಾರೇ ಅದೇ ಮೊಂಡು ಬೆರಳಿನಿಂದ ವಿಭೂತಿ ಹಚ್ಚಿದ್ದು. ನನ್ನ ಫೋನಿಗೂ ಆ ಸಂದೇಶ ಬಂತು, ಪರಿಚಯವೇ ಇಲ್ಲದ ಯಾರೋ ಕಳಿಸಿದ್ದು.

ನಿಜ ಗೊತ್ತಾದದ್ದು ಮತ್ತೆ ಬಸ್ಸಿನಲ್ಲೇ. ನೋಡಬಾರದೆಂದುಕೊಂಡರೂ ಆ ವಿಡಿಯೋ ನೋಡುತ್ತಲೇ ಇದ್ದೆ, ಹುಣ್ಣನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುವ ಹಾಗೆ. ದಾರಿಯಲ್ಲಿ ನೆಟ್‌ವರ್ಕ್ ಕೈಕೊಟ್ಟು ಚಿತ್ರ ಗಕ್ಕನೆ ನಿಂತಿತು. ಅಜ್ಜಾರು ಬೆರಳೆತ್ತಿ ತೋರಿಸುತ್ತಿದ್ದರು. ಮೊಂಡು ಬೆರಳು. ಅದು ಎಡಗೈಯಲ್ಲಿತ್ತು.

ನನ್ನ ಹಣೆಗೆ ಎಷ್ಟೋ ವರ್ಷ ವಿಭೂತಿ ಹಚ್ಚಿದ ಕೈ ಯಾವುದೆಂದು ಯಾವ ಫೋನೂ ನನಗೆ ಹೇಳಿಕೊಡಬೇಕಿಲ್ಲ. ಚಿತ್ರವೇ ತಿರುವುಮುರುವಾಗಿತ್ತು. ಬಲ ಎಡವಾಗಿತ್ತು, ಎಡ ಬಲವಾಗಿತ್ತು. ಶಾಲು ನನ್ನ ಗಂಡ ಹೇಳಿದ ಹಾಗೆ ಎಡ ಹೆಗಲ ಮೇಲೆಯೇ ಇತ್ತು.

ಚಿತ್ರದ ಮೂಲೆಯಲ್ಲಿ ಒಂದು ಕಿವಿಯೂ ಅರ್ಧ ಕಾಣುತ್ತಿತ್ತು, ಬಂಗಾರದ ಒಂಟಿ ಹಾಕಿದ್ದು. ಆ ಒಂಟಿ ನಮ್ಮ ಓಣಿಯಲ್ಲಿ ಯಾರದೆಂದು ಎಲ್ಲರಿಗೂ ಗೊತ್ತು: ನೂಲಿನ ಅಂಗಡಿಯ ಸಾಹುಕಾರರದು. ಕಚೇರಿಗೆ ಹೋಗದೆ ಮುಂದಿನ ಬಸ್ಸಿಗೆ ಹಿಂದಕ್ಕೆ ಬಂದು ಅವರ ಅಂಗಡಿಯಲ್ಲಿ ನಿಂತೆ. ಒಳ್ಳೆಯ ಮನುಷ್ಯ, ಮಠದ ಚಾವಣಿ ಹಾಕಿಸಿಕೊಟ್ಟವರು. ಅವತ್ತು ಮುಂದಿನ ಸಾಲಿನಲ್ಲಿ ಕೂತಿದ್ದೇನೆಂದು ಬೀಗರಿಗೆ ತೋರಿಸಲು ತಮ್ಮ ಮುಖವೂ ಹಿಂದೆ ಅಜ್ಜಾರೂ ಬರುವ ಹಾಗೆ ಫೋನಿನ ಮುಂದಿನ ಕ್ಯಾಮೆರಾದಲ್ಲಿ ವಿಡಿಯೋ ತೆಗೆದಿದ್ದರು. ಗುರುವಿಗೆ ಬೆನ್ನು ಕೊಟ್ಟು ಕೂತು ಪ್ರವಚನ ಕೇಳಿದ ಭಕ್ತ ನಮ್ಮ ಓಣಿಯಲ್ಲಿ ಇವರೇ ಮೊದಲಿನವರಿರಬೇಕು.

"ಸೆಲ್ಫಿ ತಗದ್ರ ಅದು ಕನ್ನಡಿ ಇದ್ದಂಗ ಅಕ್ಕಾರ, ತಿರುಗಿ ಬರ್ತೈತಿ" ಅಂದರು. "ನಾ ಕೆಟ್ಟ ಮನಸಿಂದ ಮಾಡಿದ್ದಲ್ಲ. ಬೀಗರ ಗ್ರೂಪಿಗೆ ಪೂರಾ ಹಾಕಿದ್ದೆ. ಯಾರು ಕತ್ತರಿಸಿದ್ರೋ, ನನ್ನ ಮಾರಿ ಯಾರು ತಗದ್ರೋ."

"ಪೂರಾ ಇದ್ದದ್ದು ಕೊಡ್ರಿ."

"ಫೋನ್ ತುಂಬಿತ್ರಿ. ಅಳಿಸಿಬಿಟ್ಟೆ."

"ಹಂಗಾರ ನನ್ನ ಜೋಡಿ ಊರಿಗೆ ಬರ್ರಿ. ನಾನs ತಗದದ್ದು ಅಂತ ಹೇಳ್ರಿ."

"ಅದೊಂದು ಕೇಳಬ್ಯಾಡ್ರಿ. ನನ್ನ ಹೆಸರು ಹೊರಗ ಬಂದ್ರ ನಾಳೆ ನನ್ನ ಮಾರೀನೂ ಹಿಂಗs ತಿರಗ್ತೈತಿ" ಅಂದರು. ಬೈದೆ. ಅಂಗಡಿಯ ಮುಂದೆ ಮಂದಿ ಕೂಡುವಷ್ಟು ಬೈದೆ. ಆದರೆ ಅವರ ಅಂಜಿಕೆ ಸುಳ್ಳಾಗಿರಲಿಲ್ಲ, ಅದು ನನಗೂ ಗೊತ್ತಿತ್ತು.

ರವಿವಾರ ಅಣ್ಣನ ಮನೆಗೆ ಹೋದೆ. ಬೀಳಗಿ ದಾಟಿ ಗುಡ್ಡ ಹತ್ತಿದರೆ ಹೊಸ ಊರು. ಎಷ್ಟು ವರ್ಷವಾದರೂ ಅದು ಹೊಸ ಊರೇ. ಕಟ್ಟೆಯ ಮೇಲೆ ಕೂತವರು ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಯಾವಾಗ ಬಂದಿ ಎಂದು ಒಬ್ಬರೂ ಕೇಳಲಿಲ್ಲ. ತವರಿನಲ್ಲಿ ಹೀಗೆ ಆದದ್ದು ಅದೇ ಮೊದಲು.

ಅಣ್ಣ ಹಿರಿಯರನ್ನು ಕರೆಸಿದ್ದ. ನಾನು ಗೋಡೆಯ ಕನ್ನಡಿ ಇಳಿಸಿ ಜಗಲಿಯ ಮೇಲಿಟ್ಟೆ, ಅದರೆದುರು ಫೋನು ಹಿಡಿದು ವಿಡಿಯೋ ಹಚ್ಚಿದೆ. "ಫೋನ್ ನೋಡಬ್ಯಾಡ್ರಿ, ಕನ್ನಡಿ ನೋಡ್ರಿ" ಅಂದೆ. ಹಿರಿಯರು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಕನ್ನಡಿಯಲ್ಲಿ ಮೊಂಡು ಬೆರಳು ಬಲಗೈಗೆ ಬಂದಿತ್ತು, ಶಾಲು ಎಡ ಹೆಗಲಿಗೆ ಹೋಗಿತ್ತು. ಒಬ್ಬರು "ಅಯ್ಯ ಶಿವನ" ಎಂದು ಕೂತುಬಿಟ್ಟರು. ನನಗೆ ಗೆದ್ದೆ ಅನ್ನಿಸಿತು.

ಅಣ್ಣ ಕನ್ನಡಿ ಎತ್ತಿ ಮತ್ತೆ ಗೋಡೆಗೆ ಹಾಕಿದ. "ತಿಳೀತು ತಂಗಿ. ಅಜ್ಜಾರದು ತಪ್ಪಿಲ್ಲ."

"ಹಂಗಾರ ಪೂಜಿಗೆ ಕರಕೊಂಡು ಬರಲೇನು?"

"ನಾ ಮಾತಾಡಿದ್ದು ಊರೂರಿಗೆ ಹೋಗೈತಿ. ಮುಧೋಳ ಕಡೆಯವ್ರು ಫೋನ್ ಮಾಡಿ ಶಾಬಾಸ್ ಅಂದಾರ. ಈಗ ಒಳಗ ಕರಕೊಂಡ್ರ ಸ್ವಾಮಿ ಇವರನ್ನ ಕೊಂಡುಕೊಂಡಾನ ಅಂತಾರ. ನಾ ಏನು ಮಾಡ್ಲಿ, ಕನ್ನಡಿ ಹಿಡಕೊಂಡು ಮನಿಮನಿಗೆ ಹೋಗ್ಲೇನು?"

"ಹೋಗು! ನಾ ಹಿಡೀತೇನಿ ಕನ್ನಡಿ, ನಡಿ!"

ಅವನು ನೆಲ ನೋಡಿದ. "ಈ ವರ್ಷ ಬ್ಯಾಡ" ಅಂದ. "ಮಂದಿ ಮರೀಲಿ. ಮುಂದಿನ ವರ್ಷ ಪೂಜೀನೂ ಮಾಡೋಣ, ಕಲ್ಲೂ ನೆಡೋಣ."

ಮುಂದಿನ ವರ್ಷ! ಡಾಕ್ಟರು ಹೇಳಿದ್ದು ಅವನಿಗೂ ಗೊತ್ತಿತ್ತು, ನಾನೇ ಹೇಳಿದ್ದೆ. ಸುಳ್ಳನ್ನು ನಂಬಿದವರ ಜೊತೆ ಜಗಳವಾಡಬಹುದು. ನಿಜ ಗೊತ್ತಾದ ಮೇಲೂ ಸುಮ್ಮನೆ ಕೂತವರ ಜೊತೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಅತ್ತಿಗೆ ಊಟಕ್ಕೆ ಎದ್ದೇಳು ಎಂದಳು. ನಾನು ನೀರು ಕೂಡ ಕುಡಿಯದೆ ಬಂದೆ.

ಅಜ್ಜಾರಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನೀರು ಬರೂವಾಗ ನಮ್ಮನ್ನ ಕೇಳಿ ಬಂತೇನು? ನಾನೂ ಕೇಳದs ಹೋಗತೇನಿ, ನಡಿ" ಅಂದರು. ಎದುರಾ ಎದುರು ಕೂತು ಮಾತಾಡಿದರೆ ಊರು ತಮ್ಮ ಮಾತು ಮೀರುವುದಿಲ್ಲ ಎಂಬ ಧೈರ್ಯ ಅವರಿಗಿತ್ತು. ಅಷ್ಟು ವರ್ಷ ಅವರು ಮಾಡಿದ ಕೆಲಸವೇ ಅದು. ನನಗೂ ಆ ಧೈರ್ಯ ಬಂತು.

ಪ್ರತಿ ವರ್ಷ ಪೂಜೆ ನಡೆಯುವ ಸೋಮವಾರವೇ ಹೋದೆವು. ಬಾಡಿಗೆ ಕಾರಿನಲ್ಲಿ ನಾನು, ನನ್ನ ಗಂಡ, ಅಜ್ಜಾರು. ಮೋಡ ಕವಿದಿತ್ತು, ಗಾಳಿ ಇರಲಿಲ್ಲ. ಹಿನ್ನೀರು ಬಹಳ ಹಿಂದಕ್ಕೆ ಸರಿದಿತ್ತು. ಒಣಗಿದ ರಾಡಿ ಹಪ್ಪಳದಂತೆ ಬಿರಿದು ಮೇಲೆದ್ದಿತ್ತು, ಸತ್ತ ಮೀನಿನ ನಾತ ಬರುತ್ತಿತ್ತು. ದೂರದಲ್ಲಿ ಗುಡಿಯ ಕಟ್ಟೆ, ಅದರ ಹಿಂದೆ ಗದ್ದುಗೆಯ ಕಲ್ಲು ಕಾಣುತ್ತಿತ್ತು. ಆ ವರ್ಷ ಅದನ್ನು ಯಾರೂ ತೊಳೆದಿರಲಿಲ್ಲ.

ಕಾರು ಇಳಿದಾಗ ನಮ್ಮ ಮತ್ತು ಗದ್ದುಗೆಯ ನಡುವೆ ಊರು ನಿಂತಿತ್ತು. ಬಾಡಿಗೆ ಕಾರು ಬೀಳಗಿಯಲ್ಲಿ ಚಹಕ್ಕೆ ನಿಂತಾಗಲೇ ಯಾರೋ ಫೋಟೋ ತೆಗೆದು ಕಳಿಸಿದ್ದರೆಂದು ಆಮೇಲೆ ಗೊತ್ತಾಯಿತು. ಕಲ್ಲು ಹಿಡಿದು ನಿಂತಿರುತ್ತಾರೆ ಎಂದು ನಾನು ಹೆದರಿದ್ದೆ. ಕಲ್ಲು ಇರಲಿಲ್ಲ. ಬೈಗುಳವೂ ಇರಲಿಲ್ಲ. ಎಲ್ಲರೂ ಸುಮ್ಮನೆ ನಿಂತು ಫೋನುಗಳನ್ನು ಎದೆಯೆತ್ತರಕ್ಕೆ ಹಿಡಿದಿದ್ದರು. ಅಜ್ಜಾರು ತಮ್ಮ ಜಾಗ ಬಿಟ್ಟುಕೊಟ್ಟ ಮನೆಯ ಸೊಸೆಯೂ ಹಿಡಿದಿದ್ದಳು. ಅಣ್ಣನ ಕೈಯಲ್ಲಿ ಫೋನಿರಲಿಲ್ಲ, ಅವನು ತಲೆಯೆತ್ತಲಿಲ್ಲ. ಕನ್ನಡಿ ನೋಡಿದ್ದ ಹಿರಿಯರು ಅವನ ಹಿಂದೆ ನಿಂತಿದ್ದರು.

"ಹೇಳೂದಿದ್ರ ಹೇಳ್ರಿ ಅಜ್ಜಾರ" ಎಂದು ಗುಂಪಿನಿಂದ ಒಬ್ಬ ಕೂಗಿದ. "ಮಾತಾಡ್ರಿ. ಎಲ್ಲಾರೂ ಕೇಳ್ಲಿ."

ಅಜ್ಜಾರು ನನ್ನ ಹೆಗಲು ಬಿಟ್ಟು ಸ್ವಂತ ಕಾಲ ಮೇಲೆ ನಿಂತರು. ಶಾಲು ಬಲ ಹೆಗಲ ಮೇಲಿತ್ತು. ಅವರ ಕೈ ತಾನೇ ತಾನಾಗಿ ಶಾಲಿಗೆ ಹೋಯಿತು. ಅವರು ಏನು ಮಾಡಲಿದ್ದಾರೆಂದು ನನಗೆ ಗೊತ್ತಾಯಿತು. ಅಲ್ಲಿದ್ದ ಎಲ್ಲರಿಗೂ ಗೊತ್ತಾಗಿರಬೇಕು. ಮೊದಲು ಊರವರ ಸಿಟ್ಟಿನ ಮಾತನ್ನು ಅವರಿಗಿಂತ ಚೆನ್ನಾಗಿ ತಾವೇ ಆಡುವುದು, ಆಮೇಲೆ ಉತ್ತರ. ಅವರಿಗೆ ಬೇರೆ ರೀತಿ ಮಾತಾಡಲು ಬರುತ್ತಿರಲಿಲ್ಲ.

ಶಾಲು ಹೆಗಲಿಂದ ಎದ್ದಿತು. ಫೋನುಗಳು ಒಟ್ಟಿಗೆ ಇನ್ನೊಂದಿಷ್ಟು ಮೇಲಕ್ಕೆ ಎದ್ದವು, ಮುಂದಿನವರು ಒಂದು ಹೆಜ್ಜೆ ಹತ್ತಿರ ಬಂದರು. ಅಜ್ಜಾರು ಶಾಲನ್ನು ಎದೆಯ ಮುಂದೆ ಹಿಡಿದು ಹಾಗೆಯೇ ನಿಂತರು. ಎಡಕ್ಕೆ ಹಾಕಿ ಆಡುವ ಮಾತೂ ಹೋಗುತ್ತದೆ, ಬಲಕ್ಕೆ ಹಾಕಿ ಆಡುವ ಮಾತೂ ಹೋಗುತ್ತದೆ, ಎಲ್ಲಿಗೆ ಹೋಗಿ ಏನಾಗುತ್ತದೆಂದು ಯಾರಿಗೂ ತಿಳಿಯದು. ಅವರ ಬಾಯಿ ತೆರೆದಿತ್ತು. ಒಂದು ಮಾತಾದರೂ ಬರಲಿ ಎಂದು ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಅವರು ಬಾಯಿ ಮುಚ್ಚಿದರು. ಶಾಲನ್ನು ನಿಧಾನಕ್ಕೆ ಮಡಚಿ ನನ್ನ ಕೈಯಲ್ಲಿಟ್ಟರು. ಊರಿಗೆ ಕೈಮುಗಿದು, ದೂರದ ಗದ್ದುಗೆಗೆ ಕೈಮುಗಿದು, ಕಾರಿನ ಕಡೆ ತಿರುಗಿದರು. ಗುಂಪಿನಲ್ಲಿ ಯಾರೋ "ಏನೂ ಅನಲಿಲ್ಲಲ್ಲೋ" ಅಂದದ್ದು ಕೇಳಿತು. ಅದರಲ್ಲಿ ನಿರಾಶೆ ಇತ್ತು. ಜಮಖಂಡಿ ಬರುವಷ್ಟರಲ್ಲಿ ಮಳೆ ಹಿಡಿಯಿತು.

ಆಮೇಲೆ ಅಜ್ಜಾರು ಮಾತಾಡಲೇ ಇಲ್ಲ. ಶ್ರಾವಣ ಬಂತು, ಪ್ರವಚನವಿಲ್ಲ. ಹೋದವರ ಹಣೆಗೆ ಮೊಂಡು ಬೆರಳಿನಿಂದ ವಿಭೂತಿ ಹಚ್ಚುತ್ತಿದ್ದರು, ಅಷ್ಟೇ. ಶಾಲು ಕೊಡಲು ಹೋದರೆ ನೀನೇ ಇಟ್ಟುಕೋ ಎಂದು ಸನ್ನೆ ಮಾಡಿದರು. ಆ ಮೌನವನ್ನೂ ಮಂದಿ ಬಿಡಲಿಲ್ಲ. ಕೊಳಲಿನ ಸಂಗೀತ ಹಚ್ಚಿ 'ಮಹಾತ್ಮರ ಮೌನತಪಸ್ಸು' ಎಂದು ಒಂದು ಗುಂಪಿನಲ್ಲಿ ಬಂತು, 'ತಪ್ಪಿತಸ್ಥ ಸ್ವಾಮಿ ಬಾಯಿ ಮುಚ್ಚಿದ' ಎಂದು ಇನ್ನೊಂದರಲ್ಲಿ ಬಂತು. ಎರಡಕ್ಕೂ ಚಿತ್ರ ಒಂದೇ. ಅಣ್ಣನ ಮನೆಯಲ್ಲಿ ನಡೆದ ಕನ್ನಡಿಯ ಮಾತನ್ನು ನಾನೂ ಬರೆದು ಕಳಿಸಿದೆ. ಅದನ್ನು ನೋಡಿದವರಿದ್ದರು, ಮುಂದಕ್ಕೆ ಕಳಿಸಿದವರು ಇರಲಿಲ್ಲ.

ಕಬ್ಬಿನ ಗಾಡಿಗಳು ರಸ್ತೆ ತುಂಬುವ ಕಾಲಕ್ಕೆ ಅಜ್ಜಾರು ಹೋದರು. ಬೆಳಗಿನ ಪೂಜೆಗೆ ಕೂತವರು ಏಳಲಿಲ್ಲ. ಓಣಿಯ ಮಗ್ಗಗಳೆಲ್ಲ ನಿಂತವು. ಈ ಸಲ ಕರೆಂಟು ಇತ್ತು, ಮಂದಿಯೇ ನಿಲ್ಲಿಸಿದ್ದರು.

ಮಧ್ಯಾಹ್ನದ ಹೊತ್ತಿಗೆ ಊರು ಬಂತು. ಟ್ರ್ಯಾಕ್ಟರುಗಳಲ್ಲಿ, ಟೆಂಪೋಗಳಲ್ಲಿ, ಹೆಂಗಸರು ಮಕ್ಕಳು ಸಮೇತ. ಎಲ್ಲರೂ ಅಳುತ್ತಿದ್ದರು, ಆ ಅಳು ಸುಳ್ಳಲ್ಲ. ಅಣ್ಣ ಬಂದವನೇ, "ಊರಿಗೆ ಒಯ್ತೇವಿ. ಗುಡಿ ಬಾಜೂಕ ಜಾಗ ಅಗದೇವಿ" ಅಂದ. ಓಣಿಯ ಹಿರಿಯ ನೇಕಾರರೊಬ್ಬರು ಅಡ್ಡ ಬಂದು ನಿಂತರು. "ಜೀವ ಇದ್ದಾಗ ದಾರಿ ಕಟ್ಟಿದವ್ರು ಹೆಣ ಕೇಳಾಕ ಬಂದೀರೇನು? ನಾಚಿಕಿ ಬರಂಗಿಲ್ಲ?" ಅಂದರು. ತಳ್ಳಾಟವಾಯಿತು. ಎಲ್ಲರೂ ನನ್ನ ಕಡೆ ನೋಡಿದರು, ಎರಡೂ ಕಡೆಗೆ ಸೇರಿದವಳು ನಾನೇ. ನಾನು ಯಾರ ಕಡೆಗೂ ಹೋಗಿ ನಿಲ್ಲಲಿಲ್ಲ. ಅಜ್ಜಾರ ಆಸೆ ಏನೆಂದು ಗೊತ್ತಿತ್ತು, ಆದರೆ ಆ ಬಿರಿದ ರಾಡಿಯ ಮೇಲೆ ನಿಂತ ಮುಖಗಳು ಕಣ್ಣ ಮುಂದೆ ಬಂದವು. ಓಣಿಯವರು ಬಗ್ಗಲಿಲ್ಲ. ಮಠದ ಹಿತ್ತಲಲ್ಲೇ ಗುಂಡಿ ತೋಡಿದರು. ಹೊಸ ಊರಿನಲ್ಲಿ ಅಗೆದ ಗುಂಡಿ ಹಾಗೆಯೇ ಉಳಿಯಿತು.

ಒಳಗಿಳಿಸುವ ಮೊದಲು ಅಜ್ಜಾರನ್ನು ಹಿತ್ತಲಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದರು. ಅಣ್ಣ ನನ್ನ ಹತ್ತಿರ ಬಂದ. "ಶಾಲು ನಿನ್ನ ಕಡೆ ಐತೇನು ತಂಗಿ?" ಎಂದು ಕೇಳಿದ. ಚೀಲದಿಂದ ತೆಗೆದು ಕೊಟ್ಟೆ. ಅವನು ಅದನ್ನು ಬಿಡಿಸಿ ಅಜ್ಜಾರ ಬಲ ಹೆಗಲ ಮೇಲೆ ಹಾಕಿದ. ಜಾರುತ್ತಿತ್ತು; ಮತ್ತೆ ಮತ್ತೆ ಸರಿಮಾಡಿದ. "ಬಲಕ್ಕs ಇರ್ಲಿ" ಎನ್ನುತ್ತ ಸಣ್ಣ ಹುಡುಗನ ಹಾಗೆ ಬಿಕ್ಕಿದ. ನಾನು ಅವನನ್ನು ಕ್ಷಮಿಸಿದೆನೋ ಇಲ್ಲವೋ, ಇವತ್ತಿಗೂ ಹೇಳಲಾರೆ. ಆದರೆ ಇನ್ನೊಂದು ತುದಿಯನ್ನು ನಾನೇ ಹಿಡಿದು ಕೂರಿಸಿದೆ.

"ಕಡೀ ದರ್ಶನ ಮಾಡಕೋರ್ರಿ" ಎಂದು ಯಾರೋ ಕೂಗಿದರು. ಊರವರು, ಓಣಿಯವರು, ನೂಲಿನ ಸಾಹುಕಾರರು, ಎಲ್ಲರೂ ನುಗ್ಗಿ ಬಂದರು. ಬಂದು ಕೈಮುಗಿದರು. ಆಮೇಲೆ ಒಬ್ಬೊಬ್ಬರಾಗಿ ಅಜ್ಜಾರಿಗೆ ಬೆನ್ನು ತಿರುಗಿಸಿ, ತಮ್ಮ ಮುಖವೂ ಹಿಂದೆ ಅಜ್ಜಾರೂ ಬರುವ ಹಾಗೆ ಫೋನು ಎತ್ತಿ ಹಿಡಿದರು. ನಾನು ಅಜ್ಜಾರ ಮಗ್ಗುಲಲ್ಲೇ, ಶಾಲಿನ ಮೇಲೆ ಕೈಯಿಟ್ಟು ನಿಂತಿದ್ದೆ. ಅವರ ಹೆಗಲುಗಳ ಮೇಲಿಂದ ಆ ಗಾಜುಗಳೆಲ್ಲ ನನಗೆ ಕಾಣುತ್ತಿದ್ದವು. ಎಲ್ಲದರಲ್ಲೂ ಅಜ್ಜಾರು ಕಣ್ಣು ಮುಚ್ಚಿ ಕೂತಿದ್ದರು. ಎಲ್ಲದರಲ್ಲೂ ಶಾಲು ಎಡ ಹೆಗಲ ಮೇಲಿತ್ತು.